ನೆಲ ಮುಟ್ಟಿದ ಮೇಲೆ ತಿರುಗುವ ಚಕ್ರ

ಚಕ್ರಗಳು ನೆಲ ಮುಟ್ಟಿ, ಎಂಜಿನುಗಳು ಒಮ್ಮೆ ಗುಡುಗಿ, ವಿಮಾನದ ಓಟ ತಗ್ಗಿತೆಂದರೆ ಪ್ರಯಾಣಿಕರ ಪಾಲಿಗೆ ಪಯಣ ಮುಗಿದಂತೆಯೇ ಸರಿ. ಬೇಡವೆಂದು ಹೇಳಿದರೂ ಕೇಳದೆ ಸೊಂಟದ ಪಟ್ಟಿ ಬಿಚ್ಚುವವರು, ತಲೆಯ ಮೇಲಿನ ಗೂಡಿನತ್ತ ಕೈ ಚಾಚುವವರು, “ಇಳಿದೆವು, ಕಾರು ಕಳುಹಿಸಿ” ಎಂದು ಫೋನಿನಲ್ಲಿ ಮನೆಯವರಿಗೆ ಕೂಗಿ ಹೇಳುವವರು, ಎಲ್ಲರ ಮನಸ್ಸೂ ಆಗಲೇ ಮನೆಯ ಹೊಸ್ತಿಲನ್ನು ದಾಟಿರುತ್ತದೆ. ಮುಂಭಾಗದಲ್ಲಿ, ಮುಚ್ಚಿದ ಬಾಗಿಲಿನಾಚೆ ಕುಳಿತ ಇಬ್ಬರಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಹಾರುವಾಗ ಬೇಕಾಗಿದ್ದ ಎಷ್ಟೋ ಸಾಧನಗಳನ್ನು ಅವರು ಈಗ ಒಂದೊಂದಾಗಿ ಮಡಿಸಿಡಬೇಕು, ಆರಿಸಬೇಕು, ಮೊದಲಿದ್ದ ಗುರುತಿಗೆ ತಂದಿಡಬೇಕು. ಅವುಗಳಲ್ಲೊಂದು, ಅವರಿಬ್ಬರ ನಡುವಣ ಪೀಠದ ಪಕ್ಕದಲ್ಲಿ ನಿಂತಿರುವ, ತಟ್ಟೆಯಷ್ಟು ಅಗಲದ ಒಂದು ಚಕ್ರ. ಟ್ರಿಮ್ ಚಕ್ರವೆಂದು ಅದಕ್ಕೆ ಹೆಸರು. ವಿಮಾನದಲ್ಲಿ ನೂರು ಸಲ ಕುಳಿತವರೂ ಅದರ ಹೆಸರನ್ನು ಕೇಳಿರಲಾರರು.

ಎತ್ತಿನ ಗಾಡಿಯನ್ನು ಬಲ್ಲವರಿಗೆ ಟ್ರಿಮ್ ಎಂದರೇನೆಂದು ವಿವರಿಸುವುದು ಸುಲಭ. ಹೇರು ಹಿಂದಕ್ಕಾದರೆ ಗಾಡಿಯ ಮೂಕಿ ಮೇಲೇಳುತ್ತದೆ. ನೊಗ ಎತ್ತುಗಳ ಕೊರಳನ್ನು ಮೇಲಕ್ಕೆಳೆಯುತ್ತದೆ. ಮುಂದಕ್ಕಾದರೆ ಹೆಗಲ ಮೇಲೆ ಭಾರ ಕೂರುತ್ತದೆ. ಗಾಡಿ ಹೊಡೆಯುವವನು ಮೂಟೆಯೊಂದನ್ನು ಮೊಳದಷ್ಟು ಸರಿಸಿ, ಅದೂ ಸಾಲದಿದ್ದರೆ ತಾನೇ ಹಿಂದೆ ಮುಂದೆ ಜರುಗಿ ಕುಳಿತು, ಭಾರವನ್ನು ಹದಕ್ಕೆ ತರುತ್ತಾನೆ. ಆಮೇಲೆ ಎತ್ತುಗಳಿಗೆ ಎಳೆಯುವುದೊಂದೇ ಕೆಲಸ, ಹೊರುವ ಕೆಲಸವಿಲ್ಲ.

ವಿಮಾನದ ತೊಂದರೆ ಇದಕ್ಕಿಂತ ಹೆಚ್ಚಿನದು. ಗಾಡಿಯ ಹೇರು ಒಮ್ಮೆ ಹೊಂದಿಸಿದರೆ ಊರು ಸೇರುವವರೆಗೂ ಹಾಗೆಯೇ ಇರುತ್ತದೆ. ವಿಮಾನದಲ್ಲಾದರೋ ಗಳಿಗೆಗೊಂದು ಬದಲಾವಣೆ. ಇಂಧನ ಉರಿದು ಭಾರ ತಗ್ಗುತ್ತದೆ. ವೇಗ ಏರುತ್ತದೆ, ಇಳಿಯುತ್ತದೆ. ಇಳಿಯುವ ಸಮಯಕ್ಕೆ ರೆಕ್ಕೆಯ ಹಿಂದಿನ ಫ್ಲ್ಯಾಪುಗಳು ಹೊರಚಾಚುತ್ತವೆ. ಪ್ರತಿಯೊಂದಕ್ಕೂ ವಿಮಾನದ ಮೂತಿ ಮೇಲೇಳಲೋ ಕೆಳಗಿಳಿಯಲೋ ಹವಣಿಸುತ್ತದೆ. ಪೈಲಟ್ ತನ್ನ ಮುಂದಿನ ಹಿಡಿಕೆಯನ್ನು ಒತ್ತಿಯೋ ಎಳೆದೋ ಅದನ್ನು ತಡೆಯಬಲ್ಲ. ಆದರೆ ಎಷ್ಟು ಹೊತ್ತು? ದೆಹಲಿಯವರೆಗೂ ತೋಳಿನಿಂದ ವಿಮಾನವನ್ನು ಎತ್ತಿ ಹಿಡಿಯುವುದು ಮನುಷ್ಯಮಾತ್ರದವರಿಗೆ ಆಗುವ ಕೆಲಸವಲ್ಲ. ಅದಕ್ಕಾಗಿಯೇ ಬಾಲದಲ್ಲಿ ಒಂದು ಏರ್ಪಾಡು. ತರಬೇತಿಯ ಪುಟ್ಟ ವಿಮಾನಗಳಲ್ಲಿ ಬಾಲದ ಚಲಿಸುವ ಹಲಗೆಯ ಅಂಚಿಗೆ ಒಂದು ಕಿರುಪಟ್ಟಿ ಇರುತ್ತದೆ. ದೊಡ್ಡ ಜೆಟ್ ವಿಮಾನಗಳಲ್ಲಿ ಬಾಲದ ಅಡ್ಡರೆಕ್ಕೆಯೇ ತಿರುಪುಗಂಬವೊಂದರ ಮೇಲೆ ಇಡಿಯಾಗಿ ಓರೆಯಾಗುತ್ತದೆ. ಚಕ್ರವನ್ನು ತಿರುಗಿಸಿದರೆ ಗಾಳಿಯೇ ಬಾಲವನ್ನು ಬೇಕಾದಷ್ಟು ಒತ್ತಿ ಹಿಡಿಯುತ್ತದೆ. ಪೈಲಟ್ಟನ ತೋಳಿಗೆ ಬಿಡುವು. ಇದು ನಿನ್ನೆ ಮೊನ್ನೆಯ ಉಪಾಯವೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ ಸೇವೆಗೆ ಬಂದ ಸಾಪ್‌ವಿತ್ ಕಂಪನಿಯ ಒಂದು ಬ್ರಿಟಿಷ್ ವಿಮಾನದಲ್ಲಿಯೇ ಹಾರುತ್ತ ಹಾರುತ್ತ ಬಾಲದ ಓರೆಯನ್ನು ಬದಲಿಸುವ ಸೌಕರ್ಯವಿದ್ದಿತು.

ವಿಮಾನ ಹೊರಡುವ ಮುನ್ನ, ಅದರಲ್ಲಿಯೂ ಚಿಕ್ಕ ಊರುಗಳಿಗೆ ಹಾರುವ ಎಟಿಆರ್‌ನಂಥ ಸಣ್ಣ ವಿಮಾನಗಳಲ್ಲಿ, “ನಿಮಗೆ ಕೊಟ್ಟ ಜಾಗದಲ್ಲಿಯೇ ಕುಳಿತುಕೊಳ್ಳಿ” ಎಂದು ಗಗನಸಖಿ ಒತ್ತಿ ಹೇಳುವುದನ್ನು ಕೇಳಿದ್ದೀರಲ್ಲವೆ? ಹಿಂದೆ ನಾಲ್ಕು ಸಾಲು ಖಾಲಿಯಿದ್ದರೂ ಕಾಲು ಚಾಚಿ ಮಲಗಲು ಬಿಡುವುದಿಲ್ಲವೆಂದು ಗೊಣಗುವವರುಂಟು. ಆಕೆಯದು ಹಟವಲ್ಲ. ಯಾವ ಸಾಲಿನಲ್ಲಿ ಎಷ್ಟು ಮಂದಿ, ಹೊಟ್ಟೆಯ ಯಾವ ಖಾನೆಯಲ್ಲಿ ಎಷ್ಟು ಕಿಲೋ ಸಾಮಾನು ಎಂಬ ಲೆಕ್ಕದ ಹಾಳೆಯಿಂದಲೇ ಆ ಚಕ್ರ ಎಷ್ಟರ ಗುರುತಿನಲ್ಲಿರಬೇಕೆಂದು ನಿಶ್ಚಯವಾಗುವುದು. ಹತ್ತು ಮಂದಿ ಹಿಂದಕ್ಕೆ ಹೋದರೆ ಗಾಡಿಯ ಮೂಕಿ ಎದ್ದಂತೆಯೇ.

ಈಗ ಇಳಿದು ನಿಂತ ವಿಮಾನಕ್ಕೆ ಬರೋಣ. ಇಳಿಯುವಾಗ ವೇಗ ಕಡಿಮೆ. ಕಡಿಮೆ ವೇಗದಲ್ಲಿ ಮೂತಿಯನ್ನು ಮೇಲಿರಿಸಲು ಟ್ರಿಮ್ಮನ್ನು ಮೂತಿ ಏರುವ ಕಡೆಗೆ ಸಾಕಷ್ಟು ತಿರುಗಿಸಿರಬೇಕಾಗುತ್ತದೆ. ನೆಲ ಮುಟ್ಟಿದಾಗ ಚಕ್ರ ಅದೇ ಸ್ಥಿತಿಯಲ್ಲಿ ನಿಂತಿರುತ್ತದೆ. ಯಾರೂ ಮುಟ್ಟದೆ ಅದನ್ನು ಹಾಗೆಯೇ ಬಿಟ್ಟು, ಮತ್ತೆ ಪೂರ್ಣ ಶಕ್ತಿಯಿಂದ ಮೇಲೇರಲು ಹೊರಟರೆ ಏನಾಗಬಹುದು?

ಪೈಲಟ್ ಆಗಲು ಕಲಿಯುವ ಹುಡುಗರಿಗೆ ಇದರ ಉತ್ತರ ಬೇಗನೆ ತಿಳಿಯುತ್ತದೆ. ನಮ್ಮ ಬೆಂಗಳೂರಿನ ಜಕ್ಕೂರು ಮೈದಾನದಲ್ಲಿ ಹಾರಿದ ಸೆಸ್ನಾ 152, 172ರಂಥ ವಿಮಾನಗಳಲ್ಲಿ ಟ್ರಿಮ್ ಚಕ್ರ ಅಂಗೈಗೆ ಸಿಗುವಷ್ಟು ಚಿಕ್ಕದು. ಪಕ್ಕದಲ್ಲಿಯೇ ಮೇಲೇರುವ ಸ್ಥಿತಿಗೆ ಒಂದು ಗುರುತು. ಕಲಿಯುವವರು ಇಳಿದು ನಿಲ್ಲದೆ, ಓಡುತ್ತಿರುವಂತೆಯೇ ಮತ್ತೆ ಮೇಲೇರುವ ಅಭ್ಯಾಸವೊಂದುಂಟು. ನೆಲ ಮುಟ್ಟಿ ಮತ್ತೆ ನೆಲ ಬಿಡುವ ಆ ಕೆಲವೇ ಕ್ಷಣಗಳಲ್ಲಿ ಫ್ಲ್ಯಾಪ್ ಮಡಿಸಬೇಕು, ಟ್ರಿಮ್ಮನ್ನು ಗುರುತಿಗೆ ತರಬೇಕು, ಶಕ್ತಿ ಕೊಡಬೇಕು. ಟ್ರಿಮ್ ಮರೆತವನಿಗೆ ಎಂಜಿನ್ ಗುಡುಗಿದೊಡನೆ ವಿಮಾನ ತಾನಾಗಿ ಆಕಾಶಕ್ಕೆ ಮುಖವೆತ್ತುವುದು ಕಾಣುತ್ತದೆ. ಎರಡು ಕೈಗಳಿಂದಲೂ ಹಿಡಿಕೆಯನ್ನು ಮುಂದಕ್ಕೆ ಒತ್ತಬೇಕಾಗುತ್ತದೆ. ಒತ್ತದೆ ಹೋದರೆ ವೇಗ ಕುಸಿದು ರೆಕ್ಕೆಗಳು ಗಾಳಿಯ ಹಿಡಿತವನ್ನು ಕಳೆದುಕೊಳ್ಳುತ್ತವೆ. ಅಮೆರಿಕದಲ್ಲಿ ಶಿಕ್ಷಕರು ಇದನ್ನು ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಮಾಡಿ ತೋರಿಸುವ ಪಾಠವೇ ಇದೆ.

ದೊಡ್ಡ ವಿಮಾನದಲ್ಲಿ ಟ್ರಿಮ್ಮಿನ ಬಲ ಪೈಲಟ್ಟನ ಬಲವನ್ನೇ ಮೀರಬಲ್ಲುದು. 1994ರ ಏಪ್ರಿಲ್ 26ರಂದು ಜಪಾನಿನ ನಗೋಯದಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ300 ವಿಮಾನದಲ್ಲಿ, ಆಟೋಪೈಲಟ್ ಮತ್ತೆ ಮೇಲೇರುವ ಕ್ರಮಕ್ಕೆ ಅಕಸ್ಮಾತ್ತಾಗಿ ಬದಲಾಗಿತ್ತು. ಪೈಲಟ್ಟರು ಮೂತಿಯನ್ನು ಕೆಳಗೊತ್ತಿದಷ್ಟೂ ಅದು ಟ್ರಿಮ್ಮನ್ನು ಮೇಲಕ್ಕೆ ತಿರುಗಿಸುತ್ತ ಹೋಯಿತು. ಕೊನೆಗೆ ಎಂಜಿನುಗಳ ಶಕ್ತಿಯೂ ಸೇರಿಕೊಂಡಾಗ ವಿಮಾನ ನೆಟ್ಟಗೆ ತಲೆಯೆತ್ತಿ ನೆಲಕ್ಕುರುಳಿತು. ಒಳಗಿದ್ದ 271 ಮಂದಿಯಲ್ಲಿ 264 ಮಂದಿ ಮೃತರಾದರು. ಅದು ಇಳಿದ ಮೇಲಿನ ಕಥೆಯಲ್ಲ. ಆದರೆ ಚಕ್ರವೊಂದು ತಪ್ಪು ಗುರುತಿನಲ್ಲಿ ನಿಂತರೆ ಅದರ ಶಕ್ತಿ ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಳಿದ ಮೇಲಿನ ಕೆಲಸಗಳಿಗೆ ಒಂದು ಕಟ್ಟುನಿಟ್ಟಾದ ಸಮಯವುಂಟು. ವಿಮಾನ ರನ್‌ವೇಯನ್ನು ಬಿಟ್ಟು ಪಕ್ಕದ ದಾರಿಗೆ ಹೊರಳುವವರೆಗೆ ಸಾಮಾನ್ಯವಾಗಿ ಯಾರೂ ಯಾವ ಹಿಡಿಕೆಗೂ ಕೈ ಹಾಕುವುದಿಲ್ಲ. ಏರ್‌ಬಸ್ ಎ320ರಲ್ಲಿ ಕ್ಯಾಪ್ಟನ್ ರೆಕ್ಕೆಯ ಮೇಲಿನ ಸ್ಪಾಯ್ಲರುಗಳ ಹಿಡಿಕೆಯನ್ನು ಕೆಳಗಿಳಿಸುವುದೇ ಸಹಪೈಲಟ್ಟನಿಗೆ ಅಪ್ಪಣೆ. ಬಾಯಿಬಿಟ್ಟು ಹೇಳಬೇಕಾದುದಿಲ್ಲ. ಆತ ಹವಾಮಾನದ ರೇಡಾರ್ ಆರಿಸುತ್ತಾನೆ, ಫ್ಲ್ಯಾಪುಗಳನ್ನು ಒಳಗೆಳೆಯುತ್ತಾನೆ, ಬಾಲದಲ್ಲಿರುವ ಸಣ್ಣ ಎಂಜಿನನ್ನು ಹೊತ್ತಿಸುತ್ತಾನೆ.

ಇಷ್ಟು ಕಾಯುವುದೇಕೆಂದರೆ, ಇಳಿದ ಸಮಾಧಾನದಲ್ಲಿ ಕೈ ತಪ್ಪುವುದು ಬಹಳ ಸುಲಭ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳ ಪೈಲಟ್ಟರು ಶತ್ರುಗಳ ಗುಂಡಿನಿಂದ ಪಾರಾಗಿ ಬಂದು, ಸುಖವಾಗಿ ನೆಲವನ್ನೂ ಮುಟ್ಟಿ, ಆಮೇಲೆ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿ ಹೊಟ್ಟೆಯ ಮೇಲೆ ಕುಳಿತದ್ದು ಒಂದೆರಡು ಸಲವಲ್ಲ. ಪೈಲಟ್ಟರು ದಡ್ಡರೆಂದು ಮೇಲಿನವರು ಬೈದರಂತೆ. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ವಿಮಾನದೊಳಗೆ ಹೋಗಿ ನೋಡಿದರು. ಎರಡು ಹಿಡಿಕೆಗಳೂ ಅಕ್ಕಪಕ್ಕ, ನೋಡಲೂ ಹಿಡಿಯಲೂ ಒಂದೇ ತೆರ. ಅವರು ಸೂಚಿಸಿದ ಮದ್ದು ತೀರ ಸರಳ: ಚಕ್ರದ ಹಿಡಿಕೆಗೆ ಪುಟ್ಟ ರಬ್ಬರ್ ಚಕ್ರವನ್ನೂ, ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಸಿಕ್ಕಿಸುವುದು. ಕತ್ತಲೆಯಲ್ಲಿಯೂ ಕೈಗೆ ತಿಳಿಯಬೇಕು. ಇಂದಿಗೂ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಈ ಎರಡು ಹಿಡಿಕೆಗಳು ಅದೇ ಆಕಾರದಲ್ಲಿವೆ. ಬೈಗಳಿಗಿಂತ ಬೆಣೆ ಮೇಲೆಂಬುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಟ್ರಿಮ್ಮಿನ ವಿಷಯಕ್ಕೆ ಬಂದರೆ ವಿಮಾನ ಕಟ್ಟುವ ಎರಡು ದೊಡ್ಡ ಮನೆತನಗಳ ಸಂಪ್ರದಾಯಗಳು ಬೇರೆ ಬೇರೆ. ಎ320ರಲ್ಲಿ ಹಾರುವಾಗ ಟ್ರಿಮ್ ಚಕ್ರ ತಾನಾಗಿಯೇ ತಿರುಗುತ್ತಿರುತ್ತದೆ. ಗಣಕಯಂತ್ರ ಅದನ್ನು ನೋಡಿಕೊಳ್ಳುತ್ತದೆ. ಇಳಿಯುವಾಗ ನೆಲಕ್ಕೆ ಐವತ್ತಡಿ ಇರುವಾಗ ಗಣಕ ಅದನ್ನು ತಡೆದು ನಿಲ್ಲಿಸುತ್ತದೆ. ಚಕ್ರಗಳು ನೆಲ ಮುಟ್ಟಿ, ಮೂತಿ ತಗ್ಗಿ, ಕೆಲವು ಸೆಕೆಂಡುಗಳು ಕಳೆದ ಮೇಲೆ ಯಾರೂ ಮುಟ್ಟದೆ ಆ ಚಕ್ರ ಮತ್ತೆ ತಿರುಗಿ ಸೊನ್ನೆಯ ಗುರುತಿಗೆ ಬಂದು ನಿಲ್ಲುತ್ತದೆ. ಬಾಲದ ಅಡ್ಡರೆಕ್ಕೆ ಮೂತಿ ಏರುವ ಕಡೆಗೆ 13.5 ಡಿಗ್ರಿ, ಇಳಿಯುವ ಕಡೆಗೆ 4 ಡಿಗ್ರಿ ಚಲಿಸಬಲ್ಲ ಆ ವಿಮಾನದಲ್ಲಿ ಸೊನ್ನೆಯೆಂಬುದು ಮೇಲೇರಲು ಸುರಕ್ಷಿತವಾದ ಹಸಿರು ಪಟ್ಟಿಯೊಳಗಿನ ಸ್ಥಾನ.

ಬೋಯಿಂಗ್ 737ರಲ್ಲಿ ಪೀಠದ ಇಕ್ಕೆಲಗಳಲ್ಲಿಯೂ ದೊಡ್ಡ ಚಕ್ರಗಳುಂಟು. ಕಪ್ಪು ಚಕ್ರ, ಅದರ ಮೇಲೆ ಬಿಳಿಯ ಪಟ್ಟೆ. ತಿರುಗುವಾಗ ಹಳೆಯ ಹೊಲಿಗೆ ಯಂತ್ರದಂತೆ ಟಕಟಕ ಸದ್ದು. ಅದು ತಾನಾಗಿ ಮೊದಲಿನ ಗುರುತಿಗೆ ಬರುವುದಿಲ್ಲ, ಬರಿಸಬೇಕು. ಇಳಿದ ಮೇಲೆಯೇ ಗುರುತಿಗೆ ತರಬೇಕೆಂದು ಕೆಲವು ಕಂಪನಿಗಳ ಪಟ್ಟಿಯಲ್ಲಿ ಬರೆದಿರುತ್ತದೆ, ಕೆಲವರ ಪಟ್ಟಿಯಲ್ಲಿ ಅದರ ಮಾತೇ ಇರುವುದಿಲ್ಲ. ಆದರೆ ಒಂದು ಕಾವಲುಗಾರನುಂಟು: ಟ್ರಿಮ್ ಹಸಿರು ಪಟ್ಟಿಯ ಹೊರಗಿದ್ದಾಗ ನೆಲದ ಮೇಲೆ ಎಂಜಿನಿಗೆ ಪೂರ್ಣ ಶಕ್ತಿ ಕೊಡಲು ಹೋದರೆ ಕೊಂಬೊಂದು ಬಿಟ್ಟು ಬಿಟ್ಟು ಕೂಗುತ್ತದೆ. ಈ ಕಾವಲುಗಾರನಿಗೆ ಒಂದು ಮಿತಿಯಿದೆ. ಹಸಿರಿನ ಹೊರಗಿದೆಯೇ ಒಳಗಿದೆಯೇ ಎಂಬುದಷ್ಟೇ ಅದಕ್ಕೆ ಗೊತ್ತು. ಇಂದಿನ ಹೇರಿಗೆ ಹಸಿರಿನೊಳಗೆ ಯಾವ ಅಂಕ ಸರಿಯೆಂಬುದು ಗೊತ್ತಿಲ್ಲ. ಅದು ಮನುಷ್ಯನ ಕೆಲಸ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊರಡುವ ಮುನ್ನ ಹೇಗೂ ಲೆಕ್ಕದ ಹಾಳೆ ನೋಡಿ ಚಕ್ರವನ್ನು ಸರಿಪಡಿಸಲೇಬೇಕು. ಹಾಗಿದ್ದ ಮೇಲೆ ಇಳಿದೊಡನೆ ಅದನ್ನೊಂದು ಗುರುತಿಗೆ ತರುವ ಈ ಶ್ರಮವೇಕೆ? ಪೈಲಟ್ಟರಲ್ಲಿ ಈ ಬಗ್ಗೆ, ದ್ವೈತಾದ್ವೈತಗಳಷ್ಟಲ್ಲದಿದ್ದರೂ, ಎರಡು ಮತಗಳುಂಟು. ಒಂದು ಪಕ್ಷದವರು ಇದು ಇಲ್ಲದ ಕೆಲಸವೆನ್ನುತ್ತಾರೆ: ವಿಮಾನ ಇನ್ನೂ ಚಲಿಸುತ್ತಿರುವಾಗ ಕಣ್ಣು ಹೊರಗಿರಬೇಕು, ಚಕ್ರದ ಮೇಲಲ್ಲ, ಮತ್ತು ಇಳಿದಾಗ ಸರಿಪಡಿಸಿದ್ದೇನೆಂಬ ನೆಮ್ಮದಿಯೇ ಏರುವಾಗ ನೋಡದಿರಲು ಕಾರಣವಾದೀತು. ಇನ್ನೊಂದು ಪಕ್ಷ, ಯಂತ್ರವನ್ನು ಮುಂದೆ ಬರುವವನಿಗೆ ತಿಳಿದ ಸ್ಥಿತಿಯಲ್ಲಿ ಒಪ್ಪಿಸಬೇಕು ಎನ್ನುತ್ತದೆ. ಮೊದಲನೆಯ ಪಕ್ಷದ ಮಾತು ಬರಿಯ ತರ್ಕವಲ್ಲವೆಂಬುದಕ್ಕೆ ನ್ಯೂಯಾರ್ಕಿನಲ್ಲಿ ನಡೆದ ಒಂದು ದುರಂತವೇ ಸಾಕ್ಷಿ.

1989ರ ಸೆಪ್ಟೆಂಬರ್ 20ರ ರಾತ್ರಿ. ಲಗ್ವಾರ್ಡಿಯ ವಿಮಾನ ನಿಲ್ದಾಣದಲ್ಲಿ ಮಳೆ ಬಿದ್ದು ರನ್‌ವೇ ಒದ್ದೆಯಾಗಿತ್ತು. ಬಾಲ್ಟಿಮೋರಿನಿಂದ ಬಂದಿಳಿದಿದ್ದ ಯು.ಎಸ್.ಏರ್ ಕಂಪನಿಯ ಬೋಯಿಂಗ್ 737-400 ಷಾರ್ಲಟ್ ನಗರಕ್ಕೆ ಹೊರಟು ನಿಂತಿತ್ತು. ಒಳಗೆ 63 ಮಂದಿ. ಟ್ರಿಮ್ ಎಂಬುದು ಮೂತಿಯ ಏರಿಳಿತಕ್ಕೆ ಮಾತ್ರವಲ್ಲ, ಎಡಬಲಗಳಿಗೂ ಇರುತ್ತದೆ. ಬಾಲದ ನೆಟ್ಟನೆಯ ಚುಕ್ಕಾಣಿಗೆ ಸೇರಿದ ಆ ಟ್ರಿಮ್ಮಿಗೆ ಪೀಠದ ಹಿಂಬದಿಯಲ್ಲಿ ಒಂದು ಗುಬಟು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿದ್ದ ಅವಧಿಯಲ್ಲಿ ಆ ಟ್ರಿಮ್ ಪೂರ್ತಿ ಎಡಕ್ಕೆ ತಿರುಗಿತ್ತೆಂಬುದು ಆಮೇಲೆ ತನಿಖೆ ಕಂಡ ಸಂಗತಿ. ಯಾರ ಪಾದ ತಗುಲಿತೋ, ಯಾವ ವಸ್ತು ಒರಗಿತೋ, ನಿಶ್ಚಯವಾಗಲಿಲ್ಲ. ಚುಕ್ಕಾಣಿ ಹಾಗೆ ಓರೆಯಾಗಿದ್ದರೆ ಪೈಲಟ್ಟರ ಕಾಲಡಿಯ ಪೆಡಲುಗಳೂ ಒಂದು ಮುಂದೆ, ಒಂದು ಹಿಂದೆ ಇರಬೇಕು. ಹೊರಡುವ ಮುನ್ನ ಓದುವ ಪಟ್ಟಿಯಲ್ಲಿ ಟ್ರಿಮ್ಮಿನ ಪ್ರಶ್ನೆ ಬಂದಿತು. ಸರಿಯಿದೆಯೆಂಬ ಉತ್ತರವೂ ಬಂದಿತು. ಕಣ್ಣು ಮಾತ್ರ ಗುಬಟಿನ ಮೇಲೆ ಹೋಗಲಿಲ್ಲ.

ವಿಮಾನ ಓಡತೊಡಗಿದೊಡನೆ ಎಡಕ್ಕೆ ಎಳೆಯಿತು. ಹಾರಿಸುತ್ತಿದ್ದವನು ಹೊಸಬ. ಕ್ಯಾಪ್ಟನ್ ಮೂತಿಯ ಚಕ್ರವನ್ನು ತಿರುಗಿಸಿ ನೇರಮಾಡಲು ನೋಡಿದ. ಒಂದು ದೊಡ್ಡ ಸದ್ದು ಕೇಳಿಸಿತು. ಹಾರಾಟವನ್ನು ಕೈಬಿಡುವ ತೀರ್ಮಾನವಾಗುವ ವೇಳೆಗೆ ಹೊತ್ತು ಮೀರಿತ್ತು. ವಿಮಾನ ರನ್‌ವೇಯ ತುದಿಯನ್ನು ದಾಟಿ ನೀರಿಗೆ ಬಿದ್ದು ತುಂಡಾಯಿತು. ಇಬ್ಬರು ಪ್ರಯಾಣಿಕರು ಸತ್ತರು. 61 ಮಂದಿ ಬದುಕಿದರು. ಎಚ್ಚರಿಕೆಯ ಕೊಂಬು ಕೂಗಲಿಲ್ಲ. ಎಡಬಲದ ಟ್ರಿಮ್ ಅದರ ಕಾವಲಿನ ಪಟ್ಟಿಯಲ್ಲಿಯೇ ಇರಲಿಲ್ಲ. ಕ್ಯಾಪ್ಟನ್ ಸಕಾಲದಲ್ಲಿ ಅಧಿಕಾರ ಚಲಾಯಿಸಲಿಲ್ಲ, ತಪ್ಪಾದ ಟ್ರಿಮ್ಮನ್ನು ಹೊರಡುವ ಮುನ್ನ ಗುರುತಿಸಲಿಲ್ಲ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ನಿರ್ಣಯ ಕೊಟ್ಟಿತು. ಕಾಲು ತಗುಲಿದರೂ ತಿರುಗದಂತೆ ಗುಬಟಿನ ಆಕಾರವನ್ನು ಆಮೇಲೆ ಬದಲಿಸಲಾಯಿತು. ಚಪಾನಿಸರ ಬೆಣೆ ಮತ್ತೆ ನೆನಪಾಗುತ್ತದೆ.

ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ಎಸೆಂಡನ್ ನಿಲ್ದಾಣದಲ್ಲಿ 2017ರ ಫೆಬ್ರವರಿ 21ರಂದು ಹೆಚ್ಚುಕಡಿಮೆ ಇದೇ ತಪ್ಪು ಇನ್ನಷ್ಟು ಘೋರವಾಗಿ ಮುಗಿಯಿತು. ಕಿಂಗ್ ಏರ್ ಎಂಬ ಎರಡು ಎಂಜಿನುಗಳ ಸಣ್ಣ ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎಡಕ್ಕೆ ಹೊರಳಿ ಪಕ್ಕದ ಅಂಗಡಿಗಳ ಸಂಕೀರ್ಣದ ಮೇಲೆ ಬಿತ್ತು. ಪೈಲಟ್ ಹಾಗೂ ನಾಲ್ವರು ಪ್ರಯಾಣಿಕರು, ಐವರೂ ಸತ್ತರು. ಚುಕ್ಕಾಣಿಯ ಟ್ರಿಮ್ ಹೊರಡುವಾಗಲೇ ಪೂರ್ತಿ ಎಡಕ್ಕೆ ಇದ್ದಿರಬೇಕೆಂಬುದು ತನಿಖೆಯ ತೀರ್ಮಾನ. ಹೊರಡುವ ಮುನ್ನಿನ ಪಟ್ಟಿಗಳಲ್ಲಿ ಅದನ್ನು ನೋಡಿ ಸರಿಪಡಿಸಲು ಐದು ಅವಕಾಶಗಳಿದ್ದುವು.

ಹೀಗಿರುವಾಗ ಇಳಿದ ಮೇಲೆ ಗುರುತಿಗೆ ತಂದರೆ ಬಂದ ಲಾಭವೇನು? ನಡುವೆ ಯಾರದೋ ಕಾಲು ತಗುಲಬಹುದು. ರಿಪೇರಿಯವರು ಬಾಲವನ್ನು ಪರೀಕ್ಷಿಸಲು ಟ್ರಿಮ್ಮನ್ನು ಆ ತುದಿಯಿಂದ ಈ ತುದಿಗೆ ಓಡಿಸಿರಬಹುದು. ಹಿಮ ಬೀಳುವ ದೇಶಗಳಲ್ಲಿ ಇನ್ನೊಂದು ತೊಡಕುಂಟು: ವಿಮಾನದ ಮೇಲಿನ ಮಂಜನ್ನು ಕರಗಿಸುವ ದ್ರವವನ್ನು ಸುರಿಯುವಾಗ 737ರಂಥ ವಿಮಾನದ ಟ್ರಿಮ್ಮನ್ನು ಬೇಕೆಂದೇ ಮೂತಿ ಇಳಿಯುವ ಕೊನೆಗೆ ತಿರುಗಿಸಿಡುತ್ತಾರೆ, ಕರಗಿದ ಕೆಸರುನೀರು ಬಾಲದ ಸಂದಿಗೆ ನುಗ್ಗದಿರಲೆಂದು. ಸುರಿದು ಮುಗಿದ ಮೇಲೆ ಮತ್ತೆ ಹಿಂದಕ್ಕೆ ತರುವುದು ಮರೆತರೆ?

ಆದರೂ ನನ್ನ ಮನಸ್ಸು ಎರಡನೆಯ ಪಕ್ಷದ ಕಡೆಗೇ ವಾಲುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಬೆಂಕಿಪೊಟ್ಟಣಕ್ಕೆ ಗೋಡೆಯಲ್ಲಿ ಒಂದು ಗೂಡಿರುತ್ತಿತ್ತು. ದೀಪ ಹಚ್ಚಿದವರು ಅಲ್ಲಿಯೇ ಇಡಬೇಕು. ನಡುರಾತ್ರಿ ಎದ್ದವರು ಕತ್ತಲೆಯಲ್ಲಿ ಕೈಯಾಡಿಸಿದರೆ ಅಲ್ಲಿಯೇ ಸಿಗಬೇಕು. ಆದರೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಬೆಂಕಿಪೊಟ್ಟಣದ ನಿಯಮ ನೋಡದೆ ತೆಗೆದುಕೊಳ್ಳಲೆಂದು. ಟ್ರಿಮ್ ಚಕ್ರದ ನಿಯಮವಾದರೋ ನೋಡಿದಾಗ ಬೇಗ ಕಾಣಲೆಂದು. ಪ್ರತಿ ಸಲವೂ ಚಕ್ರ ಒಂದೇ ಗುರುತಿನಲ್ಲಿ ನಿಂತಿರುವುದನ್ನು ಕಂಡು ಪಳಗಿದ ಕಣ್ಣಿಗೆ, ಅದು ಬೇರೆಲ್ಲಿಯೋ ನಿಂತಿದ್ದರೆ ಒಡನೆಯೇ ಚುಚ್ಚುತ್ತದೆ. ಇಳಿದಾಗ ಯಾರೂ ಸರಿಪಡಿಸದ ವಿಮಾನದಲ್ಲಿ ಚಕ್ರ ಎಲ್ಲಿ ನಿಂತಿದ್ದರೂ ಸಹಜವೇ. ಅಲ್ಲಿ ಅಸಹಜವೆಂದು ಹೆದರಿಸುವ ಸ್ಥಾನವೇ ಇಲ್ಲ. ಲಗ್ವಾರ್ಡಿಯದಲ್ಲಿ ಕೊರತೆಯಾದದ್ದು ಈ ಪದ್ಧತಿಯಲ್ಲ, ನೋಡುವ ಕಣ್ಣು. “ಸರಿಯಿದೆ” ಎಂಬ ಉತ್ತರ ನಾಲಗೆಗೆ ಎಷ್ಟು ಅಭ್ಯಾಸವಾಗಿರುತ್ತದೆಂದರೆ, ಸಂಧ್ಯಾವಂದನೆಯ ಮಂತ್ರದಂತೆ, ಪ್ರಶ್ನೆ ಮುಗಿಯುವ ಮೊದಲೇ ಬಾಯಿಂದ ಬಂದುಬಿಡುತ್ತದೆ.

ಓದಿ ಒಪ್ಪಿಸುವ ಈ ಪಟ್ಟಿಗಳು ಹುಟ್ಟಿದ್ದೂ ಒಂದು ಮರೆವಿನಿಂದಲೇ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊ ರಾಜ್ಯದಲ್ಲಿ, ಮುಂದೆ ಬಿ-17 ಎಂದು ಹೆಸರಾದ ಬಾಂಬರಿನ ಮೊದಲ ಮಾದರಿ ಪರೀಕ್ಷೆಗೆ ಹೊರಟಿತು. ನಿಂತಾಗ ಗಾಳಿಗೆ ಬಾಲದ ಹಲಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ವಿಮಾನ ಏರಿದೊಡನೆ ಉರುಳಿ ಬೆಂಕಿಗೆ ಬಿತ್ತು. ಇಂಥ ತೊಡಕಿನ ಯಂತ್ರ ಒಬ್ಬನ ನೆನಪಿಗೆ ನಿಲುಕದೆಂದು ಕಂಡುಕೊಂಡ ಸೇನೆಯ ಪೈಲಟ್ಟರು ಮಾಡಬೇಕಾದುದನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಂಡರು.

ಹೊಸ ವಿಮಾನಗಳಲ್ಲಿ ಚಕ್ರವೇ ಮರೆಯಾಗುತ್ತಿದೆ. ಏರ್‌ಬಸ್‌ನ ಎ380, ಎ350ಗಳಲ್ಲಿ ಅದರ ಬದಲು ಗುಂಡಿಗಳು. ತೆರೆಯ ಮೇಲೊಂದು ಅಂಕ. ಕಟಕಟ ಸದ್ದಿಲ್ಲ, ಮೊಣಕಾಲಿನ ಪಕ್ಕದಲ್ಲಿ ತಿರುಗುವ ಬಿಳಿಯ ಪಟ್ಟೆಯಿಲ್ಲ. ಸದ್ದಿನಿಂದಲೇ ಎಚ್ಚರಗೊಳ್ಳುತ್ತಿದ್ದ ಹಳಬರಿಗೆ ಇದು ಅಷ್ಟು ಹಿಡಿಸಲಾರದು.

ಎ320 ಬಾಗಿಲಿಗೆ ಬಂದು ನಿಂತ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಕಸ ಗುಡಿಸುವವರು ಒಳಗೆ ಬಂದು ಹೋಗುತ್ತಾರೆ. ಇಂಧನದ ಲಾರಿ ಬರುತ್ತದೆ. ಕೆಲವೊಮ್ಮೆ ಪೈಲಟ್ಟರೂ ಬದಲಾಗುತ್ತಾರೆ. ಹೊಸಬರು ಕುಳಿತು ನೋಡಿದಾಗ ಚಕ್ರ ಸೊನ್ನೆಯ ಬಳಿ ನಿಂತಿರುತ್ತದೆ. ಲೆಕ್ಕದ ಹಾಳೆ ಕೈ ಸೇರುತ್ತದೆ: ಮುಂದಿನ ಸಾಲುಗಳಲ್ಲಿ ಇಷ್ಟು, ಹಿಂದೆ ಇಷ್ಟು, ಹೊಟ್ಟೆಯಲ್ಲಿ ಇಷ್ಟು. ಬಾಗಿಲು ಮುಚ್ಚಿ, ಎಂಜಿನುಗಳು ಹೊತ್ತಿಕೊಂಡ ಮೇಲೆ ಒಂದು ಕೈ ಚಕ್ರದ ಮೇಲೆ ಹೋಗಿ, ಅದನ್ನು ಸೊನ್ನೆಯಿಂದ ಚೂರು ಸರಿಸಿ, ಆ ದಿನದ ಹೇರಿಗೆ ತಕ್ಕ ಅಂಕದಲ್ಲಿ ನಿಲ್ಲಿಸುತ್ತದೆ. ಅದೇ ವಿಮಾನದಲ್ಲಿ ಬಂದಿಳಿದವರು ಅಷ್ಟರಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಮುಂದಿನ ಲಾರಿಯ ಹಿಂದೆ, ಹಾರನ್ ಒತ್ತುತ್ತ ಕುಳಿತಿರುತ್ತಾರೆ.